ಗಾಳಿಯ ಸುದ್ದಿ ತಲಪಾಡಿಯಲ್ಲಿ ನಿಲ್ಲಬಾರದು

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ತಾಗಿರುವ ಮಂಜೇಶ್ವರದ ಕಡೆಯ ನಮ್ಮ ಮನೆಗಳಲ್ಲಿ ಎರಡು ರಾಜ್ಯಗಳ ಸುದ್ದಿ ಓಡುತ್ತದೆ. ಕನ್ನಡ ಚಾನೆಲ್ ಹಾಕಿದರೆ ಚಂಡಮಾರುತದ ಎಚ್ಚರಿಕೆ ಕಾರವಾರ, ಉಡುಪಿ, ಮಂಗಳೂರು ಅಂತ ಬಂದು ತಲಪಾಡಿ ಗಡಿಯಲ್ಲಿ ನಿಂತುಬಿಡುತ್ತದೆ. ಮಲಯಾಳಂ ಚಾನೆಲ್‌ನಲ್ಲಿ ಕಾಸರಗೋಡಿಗೆ ಆರೆಂಜ್ ಅಲರ್ಟೋ ರೆಡ್ ಅಲರ್ಟೋ, ದೋಣಿ ಎಲ್ಲಿಯವರೆಗೆ ಇಳಿಸಬಾರದು, ಎಲ್ಲ ಹೇಳುತ್ತಾರೆ. ಆದರೆ ಮಲಯಾಳಂ ಓದಲು ಬಾರದ ಹಿರಿಯರು ಇಲ್ಲಿ ಮನೆಮನೆಯಲ್ಲೂ ಇದ್ದಾರೆ. ಮೊಬೈಲಿಗೆ ಬಂದ ಸಂದೇಶವನ್ನು ಮೊಮ್ಮಕ್ಕಳು ಶಾಲೆಯಿಂದ ಬಂದ ಮೇಲೆ ಓದಿಸಿಕೊಳ್ಳಬೇಕು.

ಎಚ್ಚರಿಕೆಯ ವಿಷಯದಲ್ಲಿ ಕೇರಳದ ರೀತಿಯೇ ನನಗೆ ಹಿಡಿಸುತ್ತದೆ. 2017ರ ನವೆಂಬರ್ ಕೊನೆಗೆ ಓಖಿ ಚಂಡಮಾರುತ ಶ್ರೀಲಂಕಾದ ಹತ್ತಿರ ಹುಟ್ಟಿ, ಕನ್ಯಾಕುಮಾರಿಯ ಪಕ್ಕದಿಂದ ಅರಬ್ಬಿ ಸಮುದ್ರಕ್ಕೆ ನುಗ್ಗಿತು. ಆಳ ಸಮುದ್ರಕ್ಕೆ ಹೋಗಿದ್ದ ಎಷ್ಟೋ ಮೀನುಗಾರರು ವಾಪಸ್ ಬರಲಿಲ್ಲ. ಆಮೇಲೆ ಇಲ್ಲಿ ಗಾಳಿಯ ಸುದ್ದಿಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಗಡಿಯಾಚೆಯ ನೆಂಟರು ಮಾತ್ರ ಈಗಲೂ "ಅದೆಲ್ಲ ಒಡಿಶಾ, ಆಂಧ್ರದವರಿಗೆ ಅಲ್ವಾ" ಅನ್ನುತ್ತಾರೆ.

ಅವರ ಮಾತಿನಲ್ಲೂ ಅರ್ಧ ಸತ್ಯ ಇದೆ. ಬಂಗಾಳ ಕೊಲ್ಲಿಯಲ್ಲಿ ನಾಲ್ಕು ಚಂಡಮಾರುತ ಎದ್ದರೆ ಅರಬ್ಬಿ ಸಮುದ್ರದಲ್ಲಿ ಒಂದು, ಹಳೆಯ ಲೆಕ್ಕ ಸುಮಾರು ಹಾಗೇ ಇತ್ತು. ಆದರೆ 2019ರಲ್ಲಿ ಅರಬ್ಬಿ ಸಮುದ್ರ ಒಂದರಲ್ಲೇ ಐದು ಎದ್ದವು. 2021ರ ಮೇ ತಿಂಗಳಲ್ಲಿ ತೌಕ್ತೆ ಲಕ್ಷದ್ವೀಪದ ಹತ್ತಿರ ಹುಟ್ಟಿ, ನಮ್ಮ ಕರಾವಳಿಯುದ್ದಕ್ಕೂ ಕಡಲ್ಕೊರೆತ ಮಾಡಿಕೊಂಡು ಗುಜರಾತಿಗೆ ಹೋಗಿ ಅಪ್ಪಳಿಸಿತು.

ಚಂಡಮಾರುತ ಹುಟ್ಟಲು ಬೇಕಾಗುವುದು ಬೆಚ್ಚಗಿನ ನೀರು, ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ. ಜೊತೆಗೆ ಗಾಳಿಯನ್ನು ಸುತ್ತಿಸಲು ಭೂಮಿಯ ತಿರುಗುವಿಕೆಯೂ ಬೇಕು. ಭೂಮಧ್ಯರೇಖೆಯ ತೀರ ಹತ್ತಿರ ಅದರ ಪ್ರಭಾವ ಸಾಲದು, ಅದಕ್ಕೇ ಅಲ್ಲಿ ಚಂಡಮಾರುತ ಹುಟ್ಟುವುದು ತುಂಬಾ ಅಪರೂಪ. ಅಟ್ಲಾಂಟಿಕ್‌ನಲ್ಲಿ ಹರಿಕೇನ್, ಜಪಾನ್-ಫಿಲಿಪ್ಪೀನ್ಸ್ ಕಡೆ ಟೈಫೂನ್ ಅನ್ನುವುದೂ ಇದನ್ನೇ. ನಮ್ಮಲ್ಲಿ ಜೋರು ಮಳೆಗಾಲದಲ್ಲಿ ಮೇಲಿನ ಗಾಳಿಯೇ ಇದನ್ನು ಚೆದುರಿಸಿಬಿಡುತ್ತದೆ. ಹಾಗಾಗಿ ಮಳೆಗಾಲಕ್ಕೆ ಸ್ವಲ್ಪ ಮೊದಲು ಮತ್ತು ಅದು ಮುಗಿದ ಮೇಲೆ ಭಯ ಹೆಚ್ಚು.

ಸುಂಟರಗಾಳಿಯ ಕಥೆ ಬೇರೆ. ಅದು ಗುಡುಗುಮೋಡದಿಂದ ನೆಲಕ್ಕಿಳಿದು, ಹೆಚ್ಚಾಗಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಮೆಕ್ಸಿಕೋ ಕೊಲ್ಲಿಯ ಹಸಿ ಗಾಳಿ ಮತ್ತು ರಾಕಿ ಬೆಟ್ಟಗಳ ಕಡೆಯ ಒಣ ಗಾಳಿ ಸೇರುವ ಅಮೆರಿಕದ ಬಯಲಲ್ಲಿ ಅದು ಜಾಸ್ತಿ. ಆದರೆ ಅತಿ ಹೆಚ್ಚು ಜನ ಸತ್ತದ್ದು ಬಾಂಗ್ಲಾದೇಶದಲ್ಲಿ, 1989ರ ಏಪ್ರಿಲ್ 26ರಂದು, ಸುಮಾರು 1,300 ಮಂದಿ. ಅಂಥ ಗಾಳಿಗೆ ಓಡಿ ಒಳಗೆ ಸೇರುವಷ್ಟು ಹೊತ್ತು ಸಿಕ್ಕರೆ ಅದೇ ದೊಡ್ಡದು.

ಚಂಡಮಾರುತ ಹಾಗಲ್ಲ, ಸಾಮಾನ್ಯವಾಗಿ ದಿನಗಳ ಮುಂಚೆಯೇ ಗೊತ್ತಾಗುತ್ತದೆ. ಒಡಿಶಾದಲ್ಲಿ 1999ರಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಬರುವ ಮೊದಲೇ ಲಕ್ಷಾಂತರ ಜನರನ್ನು ಬೇರೆ ಕಡೆ ಸಾಗಿಸಿದ್ದರಿಂದ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ.

ಒಂದು ದಿನ ಮೊದಲು ತಿಳಿದರೂ ಸಾಕು, ಇಲ್ಲಿಯವರು ದೋಣಿ ಮೇಲಕ್ಕೆ ಎಳೆಯುತ್ತಾರೆ, ಗೊನೆ ಬಿಟ್ಟ ನೇಂದ್ರ ಬಾಳೆಗೆ ಊರುಗೋಲು ಕೊಟ್ಟು ಹಗ್ಗ ಬಿಗಿಯುತ್ತಾರೆ, ಅಂಗಳದ ಅಡಿಕೆಯನ್ನು ಒಳಗೆ ತರುತ್ತಾರೆ, ದಡದ ಮನೆಯವರು ಅಜ್ಜಿಯಂದಿರನ್ನು ಮೇಲಿನ ನೆಂಟರ ಮನೆಗೆ ಬಿಡುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ. ಕಾಸರಗೋಡಿನ ಪ್ರತಿ ಅಲರ್ಟಿನ ಕೆಳಗೆ ಅದೇ ಹೊತ್ತಿಗೆ ಕನ್ನಡದಲ್ಲೂ ಎರಡು ಸಾಲು ಹಾಕಿ. ಮಂಗಳೂರಿನಿಂದ ಸುದ್ದಿ ಓದುವವರೂ ಉಳ್ಳಾಲ ಆದ ಮೇಲೆ ಮಂಜೇಶ್ವರ, ಉಪ್ಪಳ, ಕುಂಬಳೆ ಅಂತ ಮುಂದುವರಿಸಿ.