ಏಳನೇ ಕ್ಲಾಸಿನ ಟಿಸಿ

ಮೂರು ವರ್ಷದ ಹಿಂದೆ, ಮಕ್ಕಳೆಲ್ಲ ಸಿಇಟಿಗೆ ದಾಖಲೆ ಹೊಂದಿಸಿಕೊಳ್ಳಲು ಓಡಾಡುವ ಸಮಯದಲ್ಲಿ, ಒಬ್ಬ ಹುಡುಗಿ ಅಪ್ಪನನ್ನು ಕರೆದುಕೊಂಡು ನಮ್ಮ ಶಾಲೆಗೆ ಬಂದಳು. ಅರಸೀಕೆರೆ ಕಡೆಯ ಸಣ್ಣ ಊರು. ಒಂದರಿಂದ ಏಳರವರೆಗಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಆ ಏಳೂ ವರ್ಷ ಅವಳು ನಮ್ಮಲ್ಲೇ ಓದಿದವಳು. ಗಣಿತದಲ್ಲಿ ಬೋರ್ಡಿನ ಮೇಲೆ ನಾನು ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಉತ್ತರ ಹೇಳುತ್ತಿದ್ದ ಹುಡುಗಿ. "ಸಾರ್, ಗ್ರಾಮೀಣ ವ್ಯಾಸಂಗದ್ದೂ ಕನ್ನಡ ಮಾಧ್ಯಮದ್ದೂ ಸರ್ಟಿಫಿಕೇಟ್ ಬೇಕಿತ್ತು" ಅಂದಳು. ಸಂತೋಷದಿಂದಲೇ ದಾಖಲಾತಿ ಪುಸ್ತಕ ತೆಗೆದೆ. ಅವಳ ಹೆಸರಿನ ಮುಂದೆ ಟಿಸಿ ಕೊಟ್ಟ ದಿನಾಂಕ ನೋಡಿದಾಗ ಕೈ ನಿಂತಿತು.

ಆ ಸರ್ಟಿಫಿಕೇಟುಗಳಿಂದ ಸಿಗುವ ಎರಡು ಮೀಸಲಾತಿಗೂ ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಬೇಕು. ಅವಳಲ್ಲಿ ಇದ್ದದ್ದು ಏಳು. ಎಂಟನೇ ಕ್ಲಾಸಿಗೆ ಅವಳು ತಾಲ್ಲೂಕು ಪಟ್ಟಣದ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿದ್ದಳು.

ಅಪ್ಪ ಕೊಬ್ಬರಿ ಸುಲಿಯುವ ಕೆಲಸಕ್ಕೆ ಹೋಗುವವರು. ತೆಂಗಿನ ನಾರು ಅಂಟಿದ ಪಂಚೆಯಲ್ಲೇ ಬಂದಿದ್ದರು. ವಿಷಯ ಹೇಳಿದಾಗ ಅವರು ಕೋಪ ಮಾಡಿಕೊಳ್ಳಲಿಲ್ಲ. "ಇಂಗ್ಲೀಷು ಬಂದ್ರೆ ಎಲ್ಲಾದ್ರೂ ಬದ್ಕೊತಾಳೆ ಅಂತ ಸೇರುಸ್ದೊ ಮೇಷ್ಟ್ರೇ. ನೀವೂ ಆಗ ಒಳ್ಳೇದಾಯ್ತು ಅಂದಿದ್ರಲ್ಲ" ಅಂದರು.

ಹೌದು, ಅಂದಿದ್ದೆ. ಟಿಸಿಯನ್ನು ಅವರ ಕೈಗೆ ಕೊಟ್ಟು, ಹುಡುಗಿಗೆ ಒಂದು ಪೆನ್ನನ್ನೂ ಕೊಟ್ಟು ಕಳಿಸಿದ್ದೆ. ಆ ದಿನ ನನಗೆ ಈ ನಿಯಮಗಳು ಸರಿಯಾಗಿ ಗೊತ್ತೇ ಇರಲಿಲ್ಲ. ಹದಿನಾರು ವರ್ಷ ಏಳನೇ ಕ್ಲಾಸಿಗೆ ಪಾಠ ಮಾಡಿದವನಿಗೆ, ಆ ಕ್ಲಾಸಿನಿಂದ ಹೊರಗೆ ಹೋಗುವ ಮಗುವಿನ ಮುಂದೆ ಯಾವ ಯಾವ ದಾರಿ ಕವಲೊಡೆಯುತ್ತದೆ ಎಂದು ತಿಳಿದಿರಲಿಲ್ಲ. ಈ ಬರಹವನ್ನು ಅದೊಂದೇ ಕಾರಣಕ್ಕೆ ಬರೆಯುತ್ತಿದ್ದೇನೆ.

ಆ ಒಂದು ಟಿಸಿಯಿಂದ ಅವಳಿಗೆ ತಪ್ಪಿದ್ದು ಎಷ್ಟು ಎಂದು ಆಮೇಲೆ ಕೂತು ಲೆಕ್ಕ ಹಾಕಿದೆ. ಸಿಇಟಿ ಮೂಲಕ ಹಂಚುವ ಎಂಜಿನಿಯರಿಂಗ್ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು. ಪ್ರತಿ ವರ್ಗದ ಒಳಗೂ ಇದು ಅನ್ವಯಿಸುತ್ತದೆ. ಮುಂದೆ ರಾಜ್ಯ ಸರ್ಕಾರದ ನೌಕರಿಗೆ ಅರ್ಜಿ ಹಾಕಿದರೂ ಗ್ರಾಮೀಣ ಅಭ್ಯರ್ಥಿ ಎಂಬ ಕಾಲಂ ಬರುತ್ತದೆ, ಅಲ್ಲೂ ಕೇಳುವುದು ಒಂದರಿಂದ ಹತ್ತನೇ ತರಗತಿಯನ್ನೇ. ಮೂರನೆಯದು ಎನ್‌ಎಂಎಂಎಸ್. ಎಂಟನೇ ತರಗತಿಯಲ್ಲಿ ಬರೆಯುವ ಈ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಅವಳ ಬುದ್ಧಿಗೆ ಅದು ಕಷ್ಟದ ಪರೀಕ್ಷೆಯಾಗಿರಲಿಲ್ಲ. ಖಾಸಗಿ ಶಾಲೆಯಲ್ಲಿದ್ದ ಕಾರಣಕ್ಕೆ ಅರ್ಜಿ ಹಾಕುವ ಅರ್ಹತೆಯೇ ಇರಲಿಲ್ಲ. ಅದೇ ವರ್ಷಗಳಲ್ಲಿ ಅವಳಪ್ಪ ಫೀಸಿಗೆ ಕೈಸಾಲ ಮಾಡಿದ್ದರು.

ಯಾರೂ ಇಂಗ್ಲಿಷ್ ಮಾಧ್ಯಮಕ್ಕೆ ಹೋಗಬಾರದು, ಪಟ್ಟಣಕ್ಕೆ ಹೋಗಬಾರದು ಎಂದು ನಾನು ಹೇಳುತ್ತಿಲ್ಲ. ಮೇಷ್ಟ್ರಿಲ್ಲದ ಹೈಸ್ಕೂಲಿಗಿಂತ ಮೇಷ್ಟ್ರಿರುವ ಹೈಸ್ಕೂಲು ಮೇಲು, ಅದು ಎಲ್ಲೇ ಇರಲಿ. ಆದರೆ ಒಂದು ಮನೆಯವರು ಏನನ್ನು ಬಿಟ್ಟು ಏನನ್ನು ಪಡೆಯುತ್ತಿದ್ದೇವೆ ಎಂದು ತಿಳಿದು ಬಿಡಬೇಕು. ಕೊಬ್ಬರಿ ಮಾರುವಾಗ ತಿಪಟೂರು ಮಾರುಕಟ್ಟೆಯ ಧಾರಣೆ ಕೇಳದೆ ಒಂದು ಚೀಲವನ್ನೂ ಎತ್ತದ ಜನ ನಾವು. ಮಗಳ ಟಿಸಿಯನ್ನು ಯಾರನ್ನೂ ಕೇಳದೆ ಎತ್ತುತ್ತೇವೆ, ಏಕೆಂದರೆ ಕೇಳಿದರೆ ಹೇಳುವವರು ಊರಲ್ಲಿ ಇಲ್ಲ. ಹೇಳಬೇಕಾದವನು ನಾನು.

ಪ್ರತಿ ವರ್ಷ ಮೇ ತಿಂಗಳಲ್ಲಿ "ಎಸ್ಸೆಸ್ಸೆಲ್ಸಿ ಆಯ್ತು, ಮುಂದೇನು?" ಎಂಬ ಕಾರ್ಯಕ್ರಮಗಳು ಜಿಲ್ಲಾ ಕೇಂದ್ರಗಳಲ್ಲಿ ನಡೆಯುತ್ತವೆ. ಒಳ್ಳೆಯವೇ. ಆದರೆ ಅಷ್ಟು ಹೊತ್ತಿಗೆ ಹಳ್ಳಿಯ ಮಗುವಿನ ಅರ್ಧ ನಿರ್ಧಾರ ಆಗಿ ಹೋಗಿರುತ್ತದೆ. ನಮ್ಮ ರಾಜ್ಯದಲ್ಲಿ ಬಹಳಷ್ಟು ಹಳ್ಳಿ ಶಾಲೆಗಳು ಏಳಕ್ಕೆ ಮುಗಿಯುತ್ತವೆ. ಎಂಟಕ್ಕೆ ಬೇರೆ ಊರು, ಬೇರೆ ಶಾಲೆ, ಬೇರೆ ಮೇಷ್ಟ್ರು. ಮಗುವನ್ನು ಏಳು ವರ್ಷ ನೋಡಿದವರು ಒಂದು ಕಡೆ ಉಳಿಯುತ್ತಾರೆ, ಮೂರು ವರ್ಷದಲ್ಲಿ ಪಬ್ಲಿಕ್ ಪರೀಕ್ಷೆ ಬರೆಸಬೇಕಾದವರು ಇನ್ನೊಂದು ಕಡೆ. ಎರಡರ ನಡುವೆ ಇರುವುದು ಟಿಸಿ ಎಂಬ ಒಂದು ಹಾಳೆ ಮಾತ್ರ. ಅದರಲ್ಲಿ ಜಾತಿ ಇದೆ, ಹುಟ್ಟಿದ ದಿನಾಂಕ ಇದೆ, ನಡತೆ ಉತ್ತಮ ಎಂದಿದೆ. ಈ ಹುಡುಗನಿಗೆ ಭಿನ್ನರಾಶಿ ಬರುವುದಿಲ್ಲ, ಮೋಟಾರು ಬಿಚ್ಚಿ ಜೋಡಿಸಲು ಬರುತ್ತದೆ ಎಂದು ಎಲ್ಲೂ ಇಲ್ಲ.

ಆ ಹುಡುಗಿ ಬಂದು ಹೋದ ವರ್ಷದಿಂದ ಪ್ರತಿ ಜನವರಿಯಲ್ಲಿ, ರಾಗಿ ಒಕ್ಕಣೆ ಮುಗಿದ ಮೇಲೆ, ಏಳನೇ ಕ್ಲಾಸಿನ ಅಪ್ಪ ಅಮ್ಮಂದಿರನ್ನು ಶಾಲೆಗೆ ಕರೆಯುತ್ತಿದ್ದೇನೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ. ಹದಿನೆಂಟು ಮಕ್ಕಳಿದ್ದರೆ ಮೊದಲ ಸಲ ಐದು ಮನೆಯವರು ಬಂದಿದ್ದರು, ಅದರಲ್ಲೂ ನಾಲ್ವರು ಅಮ್ಮಂದಿರು. ಆಮೇಲೆ ನಾನೇ ಮನೆ ಮನೆಗೆ ಹೋಗಿ ಹೇಳಿ ಬಂದೆ. ಈ ವರ್ಷ ಹದಿಮೂರು ಮನೆಯವರು.

ಅಲ್ಲಿ "ನಿಮ್ಮ ಮಗ ಏನಾಗಬೇಕು" ಎಂದು ನಾನು ಕೇಳುವುದಿಲ್ಲ. ಹನ್ನೆರಡು ವರ್ಷದ ಮಗುವಿಗೆ ಆ ಪ್ರಶ್ನೆ ಹಾಕಿದರೆ ಡಾಕ್ಟರು, ಪೊಲೀಸು, ಟೀಚರು ಎಂಬ ಮೂರೇ ಉತ್ತರ ಬರುತ್ತವೆ, ಅದು ನೋಡಿರುವುದೇ ಆ ಮೂವರನ್ನು. ಬೋರ್ಡಿನ ಮೇಲೆ ನಮ್ಮ ಊರಿನಿಂದ ಹೊರಡುವ ದಾರಿಗಳನ್ನು ಬರೆಯುತ್ತೇನೆ. ಹತ್ತು ಮುಗಿದ ಮೇಲೆ ಪಿಯುಸಿ ಇದೆ, ಪಾಲಿಟೆಕ್ನಿಕ್ ಇದೆ, ಐಟಿಐ ಇದೆ, ಕೃಷಿ ವಿಶ್ವವಿದ್ಯಾಲಯದವರು ನಡೆಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಯಂತ್ರೋಪಕರಣದ ತರಬೇತಿ ಕೊಡುವ ಸರ್ಕಾರಿ ಜಿಟಿಟಿಸಿ ಇದೆ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ನೇರ ಎರಡನೇ ವರ್ಷದ ಬಿಇಗೆ ಸೇರಬಹುದು ಎಂದು ಹೇಳಿದಾಗ ಪ್ರತಿ ವರ್ಷ ಯಾರಾದರೂ ಒಬ್ಬರು "ಹಂಗೂ ಆಯ್ತದಾ?" ಅನ್ನುತ್ತಾರೆ. ಪಿಯುಸಿ ಸೈನ್ಸ್ ತೆಗೆದುಕೊಳ್ಳದಿದ್ದರೆ ಎಂಜಿನಿಯರಿಂಗ್ ಇಲ್ಲವೇ ಇಲ್ಲ ಎಂದೇ ಎಲ್ಲರೂ ತಿಳಿದಿದ್ದಾರೆ. ನಮ್ಮಲ್ಲಿ ಒಬ್ಬ ಹುಡುಗ ಇದ್ದ. ಅಪ್ಪನ ಜೊತೆ ಬೋರ್‌ವೆಲ್ ಮೋಟಾರಿನ ರಿವೈಂಡಿಂಗಿಗೆ ಕೂರುತ್ತಿದ್ದ, ತಂತಿಯ ಸುತ್ತು ಎಣಿಸುವಾಗ ತಪ್ಪುತ್ತಲೇ ಇರಲಿಲ್ಲ. ಸಮಾಜ ವಿಜ್ಞಾನದಲ್ಲಿ ಮಾತ್ರ ಏಳೋ ಎಂಟೋ ಅಂಕ. ಅವನಿಗೆ ನಾವು "ದಡ್ಡ" ಎಂಬ ಹೆಸರಿಟ್ಟು ಕಳಿಸಿದ್ದರೆ ಒಂಬತ್ತರಲ್ಲೇ ಶಾಲೆ ಬಿಡುತ್ತಿದ್ದ. ಎಲೆಕ್ಟ್ರಿಕಲ್ ಡಿಪ್ಲೊಮಾ ಎಂಬುದು ಇದೆ, ಅದಕ್ಕೆ ಹತ್ತನೇ ಕ್ಲಾಸು ಪಾಸಾಗಲೇಬೇಕು ಎಂದು ಅವನಿಗೆ ಏಳರಲ್ಲೇ ಗೊತ್ತಾಯಿತು. ಈಗ ಹತ್ತನೇ ಕ್ಲಾಸಿನಲ್ಲಿದ್ದಾನೆ. ಸಮಾಜವನ್ನೂ ಓದುತ್ತಿದ್ದಾನೆ.

ಗಣಿತದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಭಿನ್ನರಾಶಿ, ಅನುಪಾತ, ಋಣ ಸಂಖ್ಯೆ, ಬೀಜಗಣಿತದ ಮೊದಲ ಅಕ್ಷರ, ಎಲ್ಲವೂ ಆರು ಮತ್ತು ಏಳನೇ ಕ್ಲಾಸಿನಲ್ಲಿ ಬರುತ್ತವೆ. ಎಕ್ಸ್ ಎಂದರೆ ಭಯ ಬೀಳುವ ಮಗು ಎಂಟಕ್ಕೆ ಹೋಗಿ ಇನ್ನಷ್ಟು ಭಯ ಬೀಳುತ್ತದೆ, ಹತ್ತರಲ್ಲಿ ಹೇಗೋ ಪಾಸಾಗುತ್ತದೆ, ಆಮೇಲೆ "ನಂಗೆ ಆರ್ಟ್ಸೇ ಇಷ್ಟ" ಅನ್ನುತ್ತದೆ. ಆರ್ಟ್ಸ್ ನಿಜವಾಗಿ ಇಷ್ಟವಾಗಿ ತೆಗೆದುಕೊಂಡರೆ ನನಗೆ ಬಹಳ ಸಂತೋಷ, ಇತಿಹಾಸ ಓದುವವರು ಬೇಕು ನಮಗೆ. ಆದರೆ ಗಣಿತದ ಭಯಕ್ಕೆ ಇಷ್ಟ ಎಂಬ ಹೆಸರು ಕೊಟ್ಟುಕೊಳ್ಳುವ ಮಕ್ಕಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಒಂದು ತಿಂಗಳು ಭಿನ್ನರಾಶಿಯ ಜೊತೆ ಕೂತಿದ್ದರೆ ಅವರ ದಾರಿ ತೆರೆದಿರುತ್ತಿತ್ತು.

ಇನ್ನೊಂದು ದೊಡ್ಡ ಕಂದಕ ಭಾಷೆಯದು. ಹತ್ತರವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದ ಮಗು ಪ್ರಥಮ ಪಿಯುಸಿಯ ಮೊದಲ ವಾರವೇ ಕಂಗಾಲಾಗುತ್ತದೆ. ವೇಗೋತ್ಕರ್ಷ ಎಂದರೆ ಏನು ಎಂದು ಚೆನ್ನಾಗಿ ಗೊತ್ತಿರುತ್ತದೆ, ಆಕ್ಸಲರೇಷನ್ ಅಂದರೆ ಅದೇ ಎಂದು ಯಾರೂ ಹೇಳಿರುವುದಿಲ್ಲ. ಕನ್ನಡ ಮಾಧ್ಯಮ ಬಿಟ್ಟು ಓಡಲು ಅಪ್ಪ ಅಮ್ಮಂದಿರು ಕೊಡುವ ಕಾರಣ ಇದೇ, ಆ ಕಾರಣ ಸುಳ್ಳಲ್ಲ. ಅದಕ್ಕೆ ನಾನು ಮಾಡುತ್ತಿರುವುದು ಬಹಳ ಸಣ್ಣ ಕೆಲಸ. ಆರನೇ ಕ್ಲಾಸಿನಿಂದ ಪ್ರತಿ ಮಗುವಿನ ಬಳಿ ಒಂದು ನೂರು ಪುಟದ ನೋಟ್‌ಬುಕ್. ಎಡಗಡೆ ದ್ಯುತಿಸಂಶ್ಲೇಷಣೆ, ಬಲಗಡೆ ಫೋಟೊಸಿಂಥೆಸಿಸ್. ಎಡಗಡೆ ಅನುಪಾತ, ಬಲಗಡೆ ರೇಷಿಯೊ. ದಿನಕ್ಕೆ ಎರಡೇ ಪದ, ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಉಚ್ಚರಿಸಿ, ಅರ್ಥ ಹೇಳಬೇಕು. ಎರಡು ವರ್ಷಕ್ಕೆ ಏಳುನೂರಕ್ಕೂ ಹೆಚ್ಚು ಪದ ಆಗುತ್ತವೆ. ಹೈಸ್ಕೂಲಿನ ಮೂರು ವರ್ಷವೂ ಮುಂದುವರಿಸಿದ ಮಗು ಪಿಯುಸಿ ಪುಸ್ತಕ ತೆರೆದಾಗ ಅಪರಿಚಿತರ ಮನೆಗೆ ಹೋದಂತೆ ಕೂರುವುದಿಲ್ಲ. ನೀಟ್ ಪರೀಕ್ಷೆಯನ್ನೇ ಕನ್ನಡದಲ್ಲಿ ಬರೆಯಲು ಅವಕಾಶ ಇರುವಾಗ, ಕನ್ನಡದಲ್ಲಿ ಓದಿದ್ದು ಶಾಪ ಎಂದು ನಮ್ಮ ಮಕ್ಕಳು ಯಾಕೆ ಅಂದುಕೊಳ್ಳಬೇಕು?

ಎನ್‌ಎಂಎಂಎಸ್‌ಗೆ ತಯಾರಿ ಕೂಡ ಎಂಟಕ್ಕೆ ಹೋದ ಮೇಲೆ ಶುರು ಮಾಡಿದರೆ ತಡ. ಎರಡು ಪತ್ರಿಕೆ, ತಲಾ 90 ಪ್ರಶ್ನೆ, ತಲಾ 90 ನಿಮಿಷ. ಒಂದು ಬೌದ್ಧಿಕ ಸಾಮರ್ಥ್ಯದ್ದು. ಸಂಖ್ಯಾ ಸರಣಿ, ಹೊಂದಾಣಿಕೆ, ಆಕೃತಿಗಳಲ್ಲಿ ಬೇರೆ ಯಾವುದು ಎಂಬಂಥ ಪ್ರಶ್ನೆಗಳು. ಇನ್ನೊಂದು ಪಠ್ಯದ್ದು. ಪಠ್ಯದ ಪತ್ರಿಕೆಗೆ ಏಳನೇ ಕ್ಲಾಸಿನ ಪಾಠವೇ ಅಡಿಪಾಯ. ಅರ್ಜಿ ಹಾಕಲು ಏಳರಲ್ಲಿ ಶೇ 55 ಅಂಕ ಬೇಕು, ಪರಿಶಿಷ್ಟ ಜಾತಿ ಪಂಗಡದವರಿಗೆ ಶೇ 50. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ದಾಟಿರಬಾರದು. ಹೀಗಿರುವಾಗ ಏಳನೇ ಕ್ಲಾಸಿನ ಮೇಷ್ಟ್ರು "ಅದು ಹೈಸ್ಕೂಲಿನವರ ಕೆಲಸ" ಎಂದು ಕೈ ತೊಳೆದುಕೊಳ್ಳುವುದು ಸರಿಯಲ್ಲ. ನಾನು ಎಷ್ಟೋ ವರ್ಷ ಹಾಗೆಯೇ ಇದ್ದೆ.

ಖಾಸಗಿ ಶಾಲೆಗೆ ಶಿಕ್ಷಣ ಹಕ್ಕು ಕಾಯ್ದೆಯ, ಅಂದರೆ ಆರ್‌ಟಿಇ ಸೀಟಿನಲ್ಲಿ ಸೇರಿದ ಮಕ್ಕಳ ಮನೆಯವರೂ ಒಂದು ವಿಷಯ ನೆನಪಿಟ್ಟುಕೊಳ್ಳಿ. ಉಚಿತ ಎಂಟರವರೆಗೆ ಮಾತ್ರ. ಒಂಬತ್ತಕ್ಕೆ ಪೂರ್ತಿ ಫೀಸು ಕಟ್ಟಬೇಕಾಗುತ್ತದೆ. ಎಂಟರ ಕೊನೆಯಲ್ಲಿ ಅದು ಗೊತ್ತಾಗಿ ಮಗುವನ್ನು ಬಿಡಿಸಿ ಗಾಬರಿಯಿಂದ ಬೇರೆ ಶಾಲೆ ಹುಡುಕುವವರನ್ನು ನೋಡಿದ್ದೇನೆ.

ಹೆಸರಿನ ಗೋಳಂತೂ ಹೇಳತೀರದು. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ದಾಖಲಾತಿ ಪುಸ್ತಕದಲ್ಲಿ ಇನ್ನೊಂದು, ಜಾತಿ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಮತ್ತೊಂದು ರೀತಿ. ವಿದ್ಯಾರ್ಥಿವೇತನ ಆಯ್ಕೆಯಾಗಿಯೂ ಹಣ ಬಾರದೆ ಒದ್ದಾಡುವ ಮಕ್ಕಳ ಕಥೆ ಕೇಳಿದರೆ ಬಹಳ ಸಲ ಕೊನೆಗೆ ಸಿಗುವುದು ಒಂದು ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುಪಡಿಗೆ ಅಲೆದಾಟ ಹೆಚ್ಚು. ಅದಕ್ಕೇ ಸಭೆಗೆ ಬರುವವರಿಗೆ ಆಧಾರ್ ತನ್ನಿ, ಜಾತಿ ಆದಾಯದ ಪತ್ರ ತನ್ನಿ, ಬ್ಯಾಂಕ್ ಪಾಸ್‌ಬುಕ್ ತನ್ನಿ ಎಂದು ಹೇಳಿರುತ್ತೇನೆ. ಎಲ್ಲವನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡುತ್ತೇವೆ. ಈ ವರ್ಷ ಹದಿಮೂರರಲ್ಲಿ ಐದು ಮಕ್ಕಳ ಹೆಸರು ಹೊಂದಲಿಲ್ಲ.

ಆ ಹುಡುಗಿಯ ವಿಷಯ ಕೇಳುತ್ತೀರಿ, ಗೊತ್ತು. ಅವಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಬಯಸಿದ ಕಾಲೇಜಲ್ಲ, ಬಯಸಿದ ಬ್ರಾಂಚೂ ಅಲ್ಲ. ಅಪ್ಪ ಈಗಲೂ ದಾರಿಯಲ್ಲಿ ಸಿಕ್ಕರೆ "ನಮಸ್ಕಾರ ಮೇಷ್ಟ್ರೇ" ಅನ್ನುತ್ತಾರೆ. ನಾನು ತಲೆ ಎತ್ತಿ ಉತ್ತರಿಸಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಈ ಸಲದ ಸಭೆಯಲ್ಲಿ ದಾರಿ, ಕೋಟಾ, ಪರೀಕ್ಷೆ ಎಲ್ಲ ಹೇಳಿ ಮುಗಿಸಿದ ಮೇಲೆ, ಹಿಂದೆ ಕೂತಿದ್ದ ಒಬ್ಬ ಅಮ್ಮ ಎದ್ದು ನಿಂತರು. "ಎಲ್ಲಾ ಸರಿ ಮೇಷ್ಟ್ರೇ. ಹೈಸ್ಕೂಲು ಆರು ಕಿಲೋಮೀಟ್ರು. ಬೆಳಿಗ್ಗೆ ಬಸ್ಸೈತೆ. ಸಂಜೆ ಐದ್ಗಂಟೆ ಬಸ್ಸು ವಾರದಲ್ಲಿ ಮೂರು ದಿನ ಬರಲ್ಲ. ಕತ್ಲಾದ್ಮೇಲೆ ನನ್ ಮಗ್ಳು ತೋಟದ್ ದಾರೀಲಿ ಒಬ್ಳೇ ಹೆಂಗ್ ಬರ್ತಾಳೆ?" 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಟಿಕೆಟಿನ ಚಿಂತೆ ಹೋಯಿತು, ಬಸ್ಸಿನ ಚಿಂತೆ ಹೋಗಿಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುತ್ತಿದ್ದ ಕಾಲವೂ ಈಗ ಇಲ್ಲ.

ನನ್ನ ಬಳಿ ಉತ್ತರ ಇರಲಿಲ್ಲ. ಬೋರ್ಡಿನ ಮೇಲಿದ್ದ ಎಲ್ಲ ದಾರಿಗಳೂ ಆ ಆರು ಕಿಲೋಮೀಟರಿನ ಆಚೆ ಇದ್ದವು. ಅಲ್ಲೇ ಕೂತು ಬಸ್ ಡಿಪೊಗೆ ಒಂದು ಅರ್ಜಿ ಬರೆದೆವು. ಹದಿಮೂರು ಮನೆಯವರು ಸಹಿ ಹಾಕಿದರು, ಇಬ್ಬರು ಹೆಬ್ಬೆಟ್ಟು ಒತ್ತಿದರು. ಸೋಮವಾರ ಆ ಅಮ್ಮನೂ ನಾನೂ ಹೋಗಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬಂದಿದ್ದೇವೆ. ಶಾಲೆ ಶುರುವಾಗಲು ಇನ್ನೂ ನಾಲ್ಕು ತಿಂಗಳಿದೆ. ಮುಂದಿನ ಸೋಮವಾರ ಮತ್ತೆ ಹೋಗುತ್ತೇವೆ.