ನಗೆಚಿತ್ರ ಬದುಕಿಗೆ ನಿಷ್ಠವಾಗಿರಲೇಬೇಕೇ?

ಪರ

ರಾಮ್ ರೆಡ್ಡಿಯವರ ‘ತಿಥಿ’ ಚಿತ್ರದಲ್ಲಿ ಜಮೀನು ಮಾರುವ ಆತುರದಲ್ಲಿರುವ ತಮ್ಮಣ್ಣ, ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ತನ್ನ ತಂದೆ ಗಡ್ಡಪ್ಪ ಸತ್ತಿದ್ದಾನೆಂದು ಸುಳ್ಳು ಕಾಗದಪತ್ರ ಮಾಡಿಸಲು ಹೊರಡುತ್ತಾನೆ. ಗಡ್ಡಪ್ಪನಿಗಾದರೋ ಜಮೀನೂ ಬೇಡ, ಖಾತೆಯೂ ಬೇಡ. ಬೀಡಿ, ಬ್ರಾಂದಿ, ಬೇಕಾದಲ್ಲಿಗೆ ತಿರುಗಾಟ ಇಷ್ಟಿದ್ದರೆ ಸಾಕು. ಖಾತೆ ಬದಲಾವಣೆಗೆಂದು ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದವರು ನಮ್ಮಲ್ಲಿ ಮನೆಗೊಬ್ಬರಾದರೂ ಇರುವುದರಿಂದಲೇ ಈ ಪ್ರಸಂಗ ನಮ್ಮನ್ನು ಅಷ್ಟೊಂದು ನಗಿಸುತ್ತದೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಈ ಚಿತ್ರದ ಪಾತ್ರಧಾರಿಗಳು ಮಂಡ್ಯ ಜಿಲ್ಲೆಯ ಹಳ್ಳಿಗರು, ವೃತ್ತಿನಟರಲ್ಲ. ದಾರಿಬದಿಯಲ್ಲಿ ಕುಳಿತು ಹೋಗಿ ಬರುವವರನ್ನೆಲ್ಲ ಬಯ್ಯುವ, ಗಡ್ಡಪ್ಪನ ತಂದೆ ಸೆಂಚುರಿ ಗೌಡನ ಮಾತಿನ ಲಯವನ್ನು ಬೇರೆ ಸೀಮೆಯ ನಟನೊಬ್ಬ ಕಲಿತು ಒಪ್ಪಿಸಿದ್ದರೆ ಅದು ಬರಿಯ ಅನುಕರಣೆಯಾಗುತ್ತಿತ್ತು.

ಚಾಪ್ಲಿನ್ನರ ಹಾಸ್ಯಕ್ಕೂ ಇಂಥದೇ ಬೇರಿದೆ. 1925ರ ‘ದಿ ಗೋಲ್ಡ್ ರಷ್’ನಲ್ಲಿ ಹಿಮದ ನಡುವಿನ ಗುಡಿಸಲೊಂದರಲ್ಲಿ ಸಿಕ್ಕಿಬಿದ್ದ ಅಲೆಮಾರಿ ತನ್ನ ಬೂಟನ್ನೇ ಬೇಯಿಸಿ ತಟ್ಟೆಗೆ ಹಾಕಿಕೊಂಡು, ಲೇಸನ್ನು ಶಾವಿಗೆಯಂತೆ ಸುತ್ತಿ ತಿಂದು, ಮೊಳೆಗಳನ್ನು ಎಲುಬು ಚೀಪುವಂತೆ ಒಂದೊಂದಾಗಿ ಚೀಪುತ್ತಾನೆ. ಗಬಗಬನೆ ನುಂಗಿದ್ದರೆ ಇಷ್ಟು ನಗು ಬರುತ್ತಿರಲಿಲ್ಲ. ಎಷ್ಟೋ ದಿನಗಳ ನಂತರ ಉಣ್ಣಲು ಕುಳಿತವನು ಎಲೆಯ ಮುಂದೆ ತೋರುವ ಮರ್ಯಾದೆ ಅಲ್ಲಿದೆ. ಏಳನೆಯ ವಯಸ್ಸಿಗೇ ಲಂಡನ್ನಿನ ನಿರ್ಗತಿಕರ ಆಶ್ರಯಕ್ಕೆ ಸೇರಬೇಕಾಗಿ ಬಂದ ಮನುಷ್ಯನಿಗೆ ಈ ಸೂಕ್ಷ್ಮವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲವೆಂದು ನಾನು ನಂಬುತ್ತೇನೆ.

ವಿರೋಧ

ಆ ಬೂಟು ಜ್ಯೇಷ್ಠಮಧುವಿನ ಮಿಠಾಯಿಯಿಂದ ಮಾಡಿದ್ದು. ಹಸಿವು ನಿಜವಿರಬಹುದು, ಆದರೆ ಹಸಿದವರೆಲ್ಲ ನಗಿಸಲಾರರು. ನಮ್ಮನ್ನು ನಗಿಸಿದ್ದು ಬೆರಳುಗಳ ಚಲನೆ, ತುತ್ತು ಮತ್ತು ತುತ್ತಿನ ನಡುವಿನ ಬಿಡುವು, ಅಂದರೆ ಪಳಗಿದ ಕಸುಬು. 1928ರ ಚಿತ್ರವೊಂದರಲ್ಲಿ ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ನರ ಮೇಲೆ ಮನೆಯ ಇಡೀ ಮುಂಗೋಡೆ ಕುಸಿದು ಬಿದ್ದಾಗ, ತೆರೆದ ಕಿಟಕಿ ಸರಿಯಾಗಿ ಅವರು ನಿಂತ ಜಾಗಕ್ಕೇ ಬಂದು ಅವರು ಉಳಿದುಕೊಳ್ಳುತ್ತಾರೆ. ಅಂಥದ್ದು ಯಾರ ಬದುಕಿನಲ್ಲಿ ನಡೆದಿದೆ? ಆದರೂ ನಗದವರಿಲ್ಲ.

ಕನ್ನಡದ್ದೇ ಉದಾಹರಣೆ ಬೇಕಿದ್ದರೆ 1990ರ ‘ಗಣೇಶನ ಮದುವೆ’ಯನ್ನು ನೋಡಬಹುದು. ಅದರ ವಠಾರ, ಬಾಡಿಗೆಯ ತಕರಾರು, ಮಾಲೀಕನ ಗದರಿಕೆ ಎಲ್ಲವೂ ನಾವು ಕಂಡವೇ. ಕಥೆ ನಿಂತಿರುವುದು ಮಾತ್ರ ಅಸಂಭವದ ಮೇಲೆ: ಒಂದೇ ವಠಾರದಲ್ಲಿದ್ದು ಎದುರಾದಾಗಲೆಲ್ಲ ಜಗಳ ಕಾಯುವ ಇಬ್ಬರು, ಗುರುತೇ ತಿಳಿಯದೆ, ಬೇರೆ ಹೆಸರುಗಳಲ್ಲಿ ಒಬ್ಬರನ್ನೊಬ್ಬರು ಪ್ರೀತಿಸುತ್ತಿರುತ್ತಾರೆ. ಈ ಗಂಟನ್ನು ತೆಗೆದುಬಿಟ್ಟರೆ ಉಳಿಯುವುದು ವಠಾರದ ವರದಿಯಷ್ಟೇ.

ಇನ್ನೊಂದು ಆಕ್ಷೇಪ ನನಗೆ ಇದಕ್ಕಿಂತ ಮುಖ್ಯವಾದದ್ದು. ಉಗ್ಗುವವರನ್ನು, ಕಪ್ಪು ಬಣ್ಣದವರನ್ನು, ಉತ್ತರ ಕರ್ನಾಟಕದ ಮಾತನ್ನು ನಗೆಗೀಡು ಮಾಡಿದ ನಮ್ಮ ಎಷ್ಟೋ ಹಾಸ್ಯ ದೃಶ್ಯಗಳಿಗೆ ‘ಇರುವುದನ್ನೇ ತೋರಿಸಿದ್ದೇವೆ’ ಎಂಬ ಸಮರ್ಥನೆ ಸದಾ ಸಿದ್ಧವಾಗಿರುತ್ತದೆ. ಚಿತ್ರಮಂದಿರದಲ್ಲಿ ಎಲ್ಲರೂ ನಗುತ್ತಿರುವಾಗ, ಉಗ್ಗುವ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡ ತಾಯಿಗೆ ಆ ಸಮರ್ಥನೆ ಯಾವ ಸಮಾಧಾನವನ್ನೂ ಕೊಡುವುದಿಲ್ಲ. ಕೀಟನ್ನರ ಗೋಡೆ ಬಿದ್ದಾಗ ಆ ಹುಡುಗನೂ ಎಲ್ಲರೊಂದಿಗೆ ನಗಬಲ್ಲ.