ಸತ್ಯಾಂಶ: ದುಬೈ ನಮ್ಮತ್ತ ತಿರುಗಿ ಬರುವುದಿಲ್ಲ

‘ಭೂಮಿ ಪೂರ್ವಕ್ಕೆ ತಿರುಗುವುದರಿಂದ ಮಂಗಳೂರಿನಿಂದ ದುಬೈಗೆ ಎರಡೇ ಗಂಟೆ, ಮರಳಲು ಐದು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಸಾಕ್ಷಿಗೆ ಟಿಕೆಟಿನ ಚಿತ್ರ: ಬಜ್ಪೆಯಿಂದ ಬೆಳಿಗ್ಗೆ 8ಕ್ಕೆ ಹೊರಟು 10ಕ್ಕೆ ಇಳಿಯುವುದು.

ಟಿಕೆಟ್ ಸುಳ್ಳಲ್ಲ, ಓದಿದ ರೀತಿ ತಪ್ಪು. ಇಳಿಯುವ ಹೊತ್ತನ್ನು ಅಲ್ಲಿನ ಗಡಿಯಾರದಂತೆ ಬರೆದಿರುತ್ತಾರೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ 10 ಎಂದರೆ ಊರಿನಲ್ಲಿ 11.30, ಅಂದರೆ ಪ್ರಯಾಣ ಮೂರೂವರೆ ಗಂಟೆ. ಮರಳುವಾಗ ಅದೇ ಒಂದೂವರೆ ಕೂಡಿಕೊಂಡು ಐದಾಗಿ ಕಾಣುತ್ತದೆ.

ಭೂಮಿಯ ಜತೆ ಗಾಳಿಯೂ ತಿರುಗುತ್ತದೆ, ವಿಮಾನವೂ. (ಇಲ್ಲದಿದ್ದರೆ ಪಣಂಬೂರಿನಲ್ಲಿ ಮೇಲಕ್ಕೆಸೆದ ಚೆಂಡು ಸಮುದ್ರಕ್ಕೆ ಬೀಳಬೇಕಿತ್ತು!) ಎದುರುಗಾಳಿ ಇದ್ದರೆ ಕೆಲವು ನಿಮಿಷ ಹೆಚ್ಚಾದೀತು, ಅಷ್ಟೇ.

ದೂರ ಬೇಕಿದ್ದರೆ ಭೂಗೋಳದ ಮೇಲೆ ದಾರ ಬಿಗಿದು ಅಳೆಯಿರಿ: ಸುಮಾರು 2,450 ಕಿಲೋಮೀಟರ್. ಗಂಟೆಗೆ 800ರಂತೆ ಮೂರು ಗಂಟೆ, ಏರಲು ಇಳಿಯಲು ಇನ್ನರ್ಧ.